ನಗ್ಗರಿನ ಮನೆ

(ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿರುವ ಚಿತ್ರಕಲಾ ಪರಿಷತ್ತಿನ ಅಂಗಳ. ರೋರಿಕ್ ಚಿತ್ರಶಾಲೆಯಿಂದ ಹೊರಬಂದು ಮರದ ನೆರಳಿನಲ್ಲಿ ಕುಳಿತವರು ಇಬ್ಬರು: ನಿವೃತ್ತರಾದ ಒಬ್ಬ ಡ್ರಾಯಿಂಗ್ ಮೇಷ್ಟ್ರು, ಮತ್ತು ಅವರ ಹಳೆಯ ಶಿಷ್ಯ.)

ಶಿಷ್ಯ: ಮೇಷ್ಟ್ರೇ, ಒಳಗಿನ ಚಿತ್ರಗಳನ್ನು ಎರಡು ಸುತ್ತು ನೋಡಿ ಬಂದೆ. ಮುಂದಿನ ತಿಂಗಳು ಕುಲ್ಲು ಕಣಿವೆಯ ಕಡೆಗೆ ಪ್ರಯಾಣ ಗೊತ್ತಾಗಿದೆ. ನಗ್ಗರಿನಲ್ಲಿ ನಿಕೊಲಸ್ ರೋರಿಕರು ಬಾಳಿದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ, ಅದಕ್ಕೆಂದು ಒಂದು ದಿನ ಮೀಸಲಿಡೋಣ ಎಂದು ಜೊತೆಯವರು ಹೇಳುತ್ತಿದ್ದಾರೆ. ನನಗಾದರೋ ಒಂದು ಸಂಶಯ. ಅವರ ಚಿತ್ರಗಳು ಇಲ್ಲಿಯೂ ಇವೆ. ಒಳ್ಳೆಯ ಬೆಳಕಿನಲ್ಲಿ, ತೇವವಿಲ್ಲದ ಗೋಡೆಯ ಮೇಲೆ, ಬೇಕೆಂದಾಗ ಬಂದು ನೋಡುವಷ್ಟು ಹತ್ತಿರದಲ್ಲಿ ಇವೆ. ಚಿತ್ರಕಾರನು ಕುಳಿತ ಕುರ್ಚಿಯನ್ನೂ ಉಂಡ ಮೇಜನ್ನೂ ನೋಡುವುದಕ್ಕೆ ಹಿಮಾಲಯದವರೆಗೆ ಹೋಗಬೇಕೆ?

ಮೇಷ್ಟ್ರು: ನಿನ್ನ ಸಂಶಯ ಅನುಚಿತವೇನೂ ಅಲ್ಲ. ಬೇಸಿಗೆಯ ರಜೆಯಲ್ಲಿ ಒಮ್ಮೆ ನಾನೂ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಆ ಬೆಟ್ಟವನ್ನು ಹತ್ತಿದವನು. ಈ ಪರಿಷತ್ತಿನ ಗೋಡೆಗಳ ಮೇಲೆ ರೋರಿಕರ ನೀಲಿಯನ್ನು ನೋಡಿದಾಗಲೆಲ್ಲ, ಇದು ಕವಿಕಲ್ಪನೆ, ಬೆಟ್ಟಕ್ಕೆ ಇಷ್ಟು ನೀಲಿ ಎಲ್ಲಿಂದ ಬರಬೇಕು ಎಂದು ನಾನು ಅಂದುಕೊಳ್ಳುತ್ತಿದ್ದೆ; ತರಗತಿಯಲ್ಲಿ ನಿಮಗೂ ಹಾಗೆಯೇ ಹೇಳಿರಬೇಕು. ನಗ್ಗರಿನ ಮನೆಯ ಎದುರಿನಲ್ಲಿ ಸಾಯಂಕಾಲ ನಿಂತಿದ್ದಾಗ, ಕೆಳಗೆ ಕಣಿವೆಯಲ್ಲಿ ಬಿಯಾಸ್ ನದಿಯ ಮೇಲೆ ಕತ್ತಲು ಕವಿಯುತ್ತಿರಲು, ಎದುರಿನ ಬೆಟ್ಟಗಳ ಸಾಲು ಒಂದರ ಹಿಂದೆ ಒಂದಾಗಿ, ಹತ್ತಿರದ್ದು ಗಾಢವಾಗಿಯೂ ದೂರದ್ದು ತಿಳಿಯಾಗಿಯೂ, ಅದೇ ನೀಲಿಯಿಂದ ತುಂಬಿಕೊಂಡಿತು. ಆ ನೀಲಿ ಅಲ್ಲಿ ದಿನನಿತ್ಯದ ಬಣ್ಣ. ಅಷ್ಟು ವರ್ಷ ಮಕ್ಕಳಿಗೆ ತಪ್ಪು ಹೇಳಿಕೊಟ್ಟೆನಲ್ಲಾ ಎಂದು ನನಗೆ ಆ ಸಂಜೆ ನಿಜವಾಗಿಯೂ ಸಂಕಟವಾಯಿತು.

ಶಿಷ್ಯ: ನೀಲಿ ನಿಜವೆಂದು ತಿಳಿಯಲು ಬೆಟ್ಟವನ್ನು ನೋಡಿದರೆ ಸಾಲದೆ? ಮನೆಯೇ ಏಕೆ ಬೇಕು?

ಮೇಷ್ಟ್ರು: ಬೆಟ್ಟವನ್ನು ಎಲ್ಲಿ ನಿಂತು ನೋಡಬೇಕೆಂಬುದನ್ನು ಆ ಮನೆ ಗೊತ್ತುಮಾಡಿದೆ. ಇಪ್ಪತ್ತು ವರ್ಷ ಒಬ್ಬ ಮನುಷ್ಯನು ಒಂದೇ ಕಿಟಕಿಯಿಂದ ಒಂದೇ ಶಿಖರಪಂಕ್ತಿಯನ್ನು ಬೆಳಿಗ್ಗೆಯೂ ಸಂಜೆಯೂ ನೋಡಿದನೆಂದರೆ, ಆ ಕಿಟಕಿಯೂ ಅವನ ಉಪಕರಣಗಳಲ್ಲಿ ಒಂದು. ಕುಂಚದಷ್ಟೇ ಅವಶ್ಯವಾದ ಉಪಕರಣ. ಆದರೆ ಆ ಮನೆಯ ವೃತ್ತಾಂತವನ್ನು ಮೊದಲಿನಿಂದ ಹೇಳಬೇಕು. ಅದು ರೋರಿಕರಿಂದ ಆರಂಭವಾಗುವುದಿಲ್ಲ.

ಶಿಷ್ಯ: ಹೇಳಿ ಮೇಷ್ಟ್ರೇ. ಇವತ್ತು ನನಗೆ ಬೇರೆ ಕೆಲಸವಿಲ್ಲ.

ಮೇಷ್ಟ್ರು: ಕುಲ್ಲು ನಮ್ಮ ಪ್ರಾಚೀನ ವಾಙ್ಮಯಕ್ಕೆ ಅಪರಿಚಿತವಾದ ನಾಡಲ್ಲ. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಕುಲೂತದ ಅರಸನಾದ ಚಿತ್ರವರ್ಮನ ಹೆಸರು ಬರುತ್ತದೆ. ಆ ಕುಲೂತವೇ ಈ ಕುಲ್ಲು. ವೇದದ ವಿಪಾಶಾ ನದಿಯೇ ಈಗಿನ ಬಿಯಾಸ್. ಹದಿನೇಳನೆಯ ಶತಮಾನದಲ್ಲಿ ರಾಜಧಾನಿ ಕೆಳಗಿನ ಸುಲ್ತಾನಪುರಕ್ಕೆ ಸಾಗುವವರೆಗೂ ನಗ್ಗರೇ ಆ ಅರಸರ ಊರಾಗಿತ್ತು. ಅವರ ಹಳೆಯ ಕೋಟೆಮನೆ ಇಂದಿಗೂ ಇದೆ. ಒಂದು ಸಾಲು ಕಲ್ಲು, ಅದರ ಮೇಲೆ ಒಂದು ಸಾಲು ದೇವದಾರುವಿನ ತೊಲೆ, ಮತ್ತೆ ಕಲ್ಲು, ಮತ್ತೆ ತೊಲೆ, ಹೀಗೆ ಗಾರೆಯಿಲ್ಲದೆ ಹೆಣೆದಂತೆ ಕಟ್ಟಿದ ಗೋಡೆ. ಅಲ್ಲಿಯವರು ಆ ಕ್ರಮವನ್ನು ಕಾಠ್‌ಕುಣಿ ಎನ್ನುತ್ತಾರೆ. 1905ರ ಕಾಂಗಡಾ ಭೂಕಂಪದಲ್ಲಿ ಸುತ್ತಮುತ್ತ ಎಷ್ಟೋ ಕಟ್ಟಡಗಳು ನೆಲಕ್ಕೆ ಬಿದ್ದಾಗ ಆ ಕೋಟೆಮನೆ ನಿಂತಿತು. ಭೂಮಿ ನಡುಗಿದರೆ ಬಿಗಿಯಾದ ಗೋಡೆ ಬಿರಿಯುತ್ತದೆ, ಹೆಣೆದ ಗೋಡೆ ತಾನೂ ಸ್ವಲ್ಪ ಅಲುಗಿ ಮತ್ತೆ ಕುಳಿತುಕೊಳ್ಳುತ್ತದೆ. ಈಗ ಅದು ಪ್ರವಾಸಿಗಳ ವಸತಿಗೃಹ.

ಬ್ರಿಟಿಷರ ಆಳ್ವಿಕೆ ಬಂದಮೇಲೆ ಸೈನ್ಯದಿಂದ ಬಿಡುಗಡೆ ಹೊಂದಿದ ಹಲವು ಅಧಿಕಾರಿಗಳು, ಇಂಗ್ಲೆಂಡಿನ ತಂಪನ್ನೂ ಹಣ್ಣುತೋಟಗಳನ್ನೂ ನೆನೆದು, ಆ ಕಣಿವೆಯಲ್ಲಿ ನೆಲೆನಿಂತರು. ಕುಲ್ಲುವಿನ ಸೇಬು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅವರಿಂದಲೇ ಅಲ್ಲಿಗೆ ಬಂದದ್ದು. ಕೋಟೆಮನೆಯಿಂದ ಇನ್ನೂ ಮೇಲಕ್ಕೆ, ದೇವದಾರು ಕಾಡಿನ ಅಂಚಿನಲ್ಲಿ ಎದ್ದ ಎಸ್ಟೇಟು ಬಂಗಲೆಯೂ ಅಂಥದೊಂದು ವಿಶ್ರಾಂತಿಯ ಮನೆಯೇ. ಅದಕ್ಕೆ ಹಾಲ್ ಎಸ್ಟೇಟ್ ಎಂದು ಹೆಸರು. ಕಾಲಕ್ರಮದಲ್ಲಿ ಅದು ಮಂಡಿಯ ರಾಜರ ಕೈಸೇರಿತು. 1928ರ ಡಿಸೆಂಬರಿನಲ್ಲಿ, ಮೂರು ವರ್ಷಗಳ ಮಧ್ಯ ಏಷ್ಯಾ ಸಂಚಾರವನ್ನು ಮುಗಿಸಿದ್ದ ಒಂದು ರಷ್ಯನ್ ಕುಟುಂಬ ಅಲ್ಲಿಗೆ ಬಂದಿಳಿಯಿತು. ಮೊದಲು ಬಿಡಾರವಾಗಿ, ಆಮೇಲೆ ರಾಜರಿಂದ ಕ್ರಯಕ್ಕೆ ಕೊಂಡು ಸ್ವಂತದ್ದಾಗಿ, ಆ ಮನೆಯಲ್ಲಿ ನೆಲೆಸಿತು.

ಶಿಷ್ಯ: ರಷ್ಯದಲ್ಲಿ ಅವರಿಗೆ ಮನೆಯಿರಲಿಲ್ಲವೆ?

ಮೇಷ್ಟ್ರು: ಇತ್ತು; ಆ ಮನೆಯನ್ನೂ ನೀನು ತಿಳಿದಿರಬೇಕು. ನಿಕೊಲಸ್ ರೋರಿಕ್ ಹುಟ್ಟಿದ್ದು 1874ರ ಅಕ್ಟೋಬರ್ 9ರಂದು, ಪೀಟರ್ಸ್‌ಬರ್ಗಿನಲ್ಲಿ. ತಂದೆ ಅಲ್ಲಿಯ ಪ್ರತಿಷ್ಠಿತ ನೋಟರಿ. ನಗರದ ಹೊರಗೆ ಇಜ್ವಾರಾ ಎಂಬಲ್ಲಿ ಅವರದೊಂದು ಹಳ್ಳಿಯ ಎಸ್ಟೇಟು: ಕಾಡು, ಕೆರೆ, ಹಿಮ, ಮತ್ತು ಹೊಲಗಳ ನಡುವೆ ಪ್ರಾಚೀನರ ಸಮಾಧಿದಿಬ್ಬಗಳು. ಬಾಲಕನು ಆ ದಿಬ್ಬಗಳನ್ನು ಅಗೆಯುವುದನ್ನು ಪುರಾತತ್ತ್ವಜ್ಞರಿಂದ ಕಲಿತ. ಅವನಲ್ಲಿ ಇತಿಹಾಸದ ದಾಹ ಹುಟ್ಟಿದ್ದು ಪುಸ್ತಕದಿಂದಲ್ಲ, ಆ ಮಣ್ಣಿನಿಂದ. ಮುಂದೆ ರೋರಿಕರು ತಾವೇ ಸ್ಮರಿಸಿಕೊಂಡಿರುವಂತೆ, ಆ ಮನೆಯ ಗೋಡೆಯ ಮೇಲೆ ಸೂರ್ಯಾಸ್ತದ ಬೆಳಕಿನಲ್ಲಿ ಹೊಳೆಯುವ ಒಂದು ಹಿಮಪರ್ವತದ ಚಿತ್ರವಿತ್ತಂತೆ. ಅದು ಯಾವ ಪರ್ವತವೆಂದು ತಿಳಿಯದೆಯೇ ಬಾಲ್ಯವೆಲ್ಲ ಅದನ್ನು ನೋಡಿದ್ದು, ಅದು ಕಾಂಚನಗಂಗೆಯೆಂದು ಗೊತ್ತಾದುದು ಬಹುಕಾಲದ ಮೇಲಂತೆ. ಇಜ್ವಾರಾ ಎಂಬ ಹೆಸರೂ ನಮ್ಮ ‘ಈಶ್ವರ’ ಶಬ್ದವೇ ಎಂದು ಅವರು ನಂಬಿದ್ದರು. ಭಾಷಾಶಾಸ್ತ್ರ ಒಪ್ಪಲಿ ಬಿಡಲಿ, ಒಬ್ಬ ಮಹಾಕಲಾವಿದನು ತನ್ನ ಬಾಳಿನ ಮೊದಲ ಮನೆಯನ್ನೂ ಕೊನೆಯ ಮನೆಯನ್ನೂ ಹೀಗೆ ಒಂದೇ ದಾರದಲ್ಲಿ ಪೋಣಿಸಿ ನೋಡಿದನೆಂಬುದು ನನಗೆ ಬಹು ಪ್ರಿಯವಾದ ಸಂಗತಿ. ಆ ಇಜ್ವಾರಾ ಕೂಡ 1984ರಲ್ಲಿ ಅವರ ಸ್ಮಾರಕ ವಸ್ತುಸಂಗ್ರಹಾಲಯವಾಯಿತು.

ಶಿಷ್ಯ: ಹಾಗಾದರೆ ಬಾಲ್ಯ ಕಳೆದ ಎಸ್ಟೇಟೂ ದೇಹವಿಟ್ಟ ಎಸ್ಟೇಟೂ ಎರಡೂ ಸಂಗ್ರಹಾಲಯಗಳು! ಅಷ್ಟು ದೊಡ್ಡ ಹೆಸರಿದ್ದವರು ಪ್ಯಾರಿಸ್ಸು, ನ್ಯೂಯಾರ್ಕುಗಳನ್ನು ಬಿಟ್ಟು ಬೆಟ್ಟದ ಮೇಲಿನ ಬಂಗಲೆಯನ್ನು ಹುಡುಕಿಕೊಂಡು ಬಂದದ್ದಾದರೂ ಏಕೆ?

ಮೇಷ್ಟ್ರು: ಪ್ಯಾರಿಸ್ಸಿನಲ್ಲಿ ಅವರ ಹೆಸರು ಆಗಲೇ ಸ್ಥಿರವಾಗಿತ್ತು. 1913ರಲ್ಲಿ ಸ್ಟ್ರಾವಿನ್‌ಸ್ಕಿಯ ‘ವಸಂತದ ವಿಧಿ’ ಎಂಬ ನೃತ್ಯರೂಪಕ ಅಲ್ಲಿ ಮೊದಲ ಬಾರಿ ರಂಗಕ್ಕೆ ಬಂದಾಗ ಪರದೆಗಳನ್ನೂ ವೇಷಗಳನ್ನೂ ರಚಿಸಿದವರು ಇವರೇ. ನ್ಯೂಯಾರ್ಕಿನ ವಿಷಯವನ್ನು ಮಾತ್ರ ನೀನು ಮನಸ್ಸಿಟ್ಟು ಕೇಳಬೇಕು. 1929ರಲ್ಲಿ ಆ ನಗರದ ನದೀತೀರದಲ್ಲಿ ಇಪ್ಪತ್ತಕ್ಕೂ ಮಿಕ್ಕ ಅಂತಸ್ತುಗಳ ಒಂದು ಸೌಧವೆದ್ದಿತು. ಕೆಳಗಿನ ಅಂತಸ್ತುಗಳಲ್ಲಿ ರೋರಿಕರ ನೂರಾರು ಚಿತ್ರಗಳ ಸಂಗ್ರಹಾಲಯ, ಮೇಲೆ ವಾಸದ ಮನೆಗಳು. ಬದುಕಿರುವ ಒಬ್ಬ ಚಿತ್ರಕಾರನಿಗಾಗಿ ಅಷ್ಟು ಎತ್ತರದ ಕಟ್ಟಡ! ಹತ್ತು ವರ್ಷ ತುಂಬುವುದರೊಳಗೆ ಅದು ಅವರ ಕೈಬಿಟ್ಟಿತು. ಹಣವೊದಗಿಸಿದವರಿಗೂ ಅವರಿಗೂ ವಿರಸ ಬಂದು, ವ್ಯಾಜ್ಯವಾಗಿ, ಚಿತ್ರಗಳು ಗೋಡೆಯಿಂದ ಇಳಿದವು. ಈಗ ಅದೇ ನಗರದಲ್ಲಿ ಅಭಿಮಾನಿಗಳು ನಡಸುತ್ತಿರುವ ರೋರಿಕ್ ಸಂಗ್ರಹಾಲಯ ಬೇರೊಂದು ಬೀದಿಯ ಚಿಕ್ಕ ಮನೆಯಲ್ಲಿದೆ. ಸಂಗ್ರಹಾಲಯವಾಗಲೆಂದೇ ಕಟ್ಟಿದ ಗೋಪುರ ಸಂಗ್ರಹಾಲಯವಾಗಿ ಉಳಿಯಲಿಲ್ಲ. ಯಾರೋ ಬೇಸಿಗೆಯ ವಿಶ್ರಾಂತಿಗಾಗಿ ಕಟ್ಟಿಕೊಂಡ ಬೆಟ್ಟದ ಬಂಗಲೆ ಸಂಗ್ರಹಾಲಯವಾಗಿ ಉಳಿಯಿತು. ಏಕೆಂದು ಕೇಳು.

ಶಿಷ್ಯ: ಏಕೆ?

ಮೇಷ್ಟ್ರು: ಅಲ್ಲಿ ಕೆಲಸ ನಡೆಯಿತು. ರೋರಿಕರು ಹಿಮಾಲಯಕ್ಕೆ ಬಂದದ್ದು ಚಿತ್ರ ಬರೆಯಲು ಮಾತ್ರವಲ್ಲ. 1923ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದು, ಮೊದಲು ಡಾರ್ಜಿಲಿಂಗಿನ ಕಡೆಯಲ್ಲಿದ್ದು, 1925ರಿಂದ 28ರವರೆಗೆ ಲಡಾಖ್, ಚೀನೀ ತುರ್ಕಿಸ್ತಾನ, ಆಲ್ತಾಯಿ, ಮಂಗೋಲಿಯಾ, ಟಿಬೆಟ್ಟುಗಳನ್ನು ಸುತ್ತಿದಾಗ, ಮೂಟೆಗಟ್ಟಲೆ ಟಿಪ್ಪಣಿಗಳೂ ವಸ್ತುಗಳೂ ಕೂಡಿದವು. ಅವನ್ನೆಲ್ಲ ಪರಿಶೀಲಿಸಲು 1928ರ ಜುಲೈಯಲ್ಲಿ ‘ಉರುಸ್ವತಿ’ ಎಂಬ ಹಿಮಾಲಯ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದರು. ಉದಯತಾರೆಯ ಬೆಳಕು ಎಂದು ಅವರು ಆ ಹೆಸರಿಗೆ ಕೊಟ್ಟ ಅರ್ಥ. ಕುಟುಂಬ ನಗ್ಗರಿಗೆ ಬಂದಮೇಲೆ ಸಂಸ್ಥೆ ಬಂಗಲೆಗಿಂತಲೂ ಮೇಲಕ್ಕೆ, ಅದೇ ಎಸ್ಟೇಟಿನ ಕಟ್ಟಡದಲ್ಲಿ ನೆಲೆಗೊಂಡಿತು. ಹಿರಿಯ ಮಗ ಜಾರ್ಜ್ ಟಿಬೆಟನ್ ಭಾಷೆಯಲ್ಲಿ ಮಹಾಪಂಡಿತ, ಸಂಸ್ಥೆಯ ನಿರ್ದೇಶಕ. ಟಿಬೆಟ್ಟಿನ ಬೌದ್ಧ ಇತಿಹಾಸವಾದ ‘ನೀಲ ಗ್ರಂಥ’ವನ್ನು ಅವರು ಇಂಗ್ಲಿಷಿಗೆ ತಂದರು, ಆ ಕಾರ್ಯದಲ್ಲಿ ಅವರೊಡನೆ ಕುಳಿತು ದುಡಿದವರು ಟಿಬೆಟ್ಟಿನ ಪ್ರತಿಭಾಶಾಲಿ ವಿದ್ವಾಂಸ ಗೆಂದುನ್ ಛೋಫೆಲ್. ಕಿರಿಯ ಮಗ ಸ್ವೆತೊಸ್ಲಾವ್ ಚಿತ್ರ ಬರೆಯುವುದರ ಜೊತೆಗೆ ಗಿಡಮೂಲಿಕೆಗಳನ್ನೂ ಟಿಬೆಟನ್ ವೈದ್ಯವನ್ನೂ ಅಭ್ಯಾಸಮಾಡಿದರು. ತಾಯಿ ಹೆಲೆನಾ ಅಗ್ನಿಯೋಗವೆಂಬ ತಮ್ಮ ದರ್ಶನದ ಸಂಪುಟಗಳನ್ನು ಬರೆದರು. ಒಂದು ಮನೆ, ನಾಲ್ವರು, ನಾಲ್ಕು ಮೇಜುಗಳು. ಕಾಡಿನಿಂದ ಸಸ್ಯಗಳನ್ನು ತಂದು, ಕಾಗದದ ನಡುವೆ ಒತ್ತಿ, ಒಣಗಿಸಿ, ಹೆಸರು ಬರೆದು ಇಡುವ ಕೆಲಸಕ್ಕೆ ಅಮೆರಿಕದಿಂದಲೂ ಸಸ್ಯಶಾಸ್ತ್ರಜ್ಞರು ಬಂದರು.

ಇಷ್ಟಾದರೂ ಅದು ನಿರಾತಂಕವಾದ ತಪೋವನವಾಗಿರಲಿಲ್ಲ. ರಷ್ಯದಿಂದ ಬಂದವರೆಂಬ ಕಾರಣದಿಂದ ಬ್ರಿಟಿಷ್ ಸರ್ಕಾರ ಅವರನ್ನು ಸದಾ ಶಂಕಿಸುತ್ತಿತ್ತು. 1930ರಲ್ಲಿ, ಹೆಂಡತಿ ನಗ್ಗರಿನಲ್ಲಿ ಅಸ್ವಸ್ಥಳಾಗಿರುವಾಗ, ಹೊರದೇಶಕ್ಕೆ ಹೋಗಿದ್ದ ರೋರಿಕರಿಗೆ ಮರಳಿಬರಲು ಪರವಾನಗಿ ಸಿಗದೆ, ಫ್ರೆಂಚರ ಪುದುಚೇರಿಗೆ ಬಂದು ಅಲ್ಲಿ ಕಾಯಬೇಕಾಯಿತು. ಹಾಗೆ ಕಾಯುತ್ತಿರುವಾಗಲೂ ತಂದೆಯೂ ಹಿರಿಯ ಮಗನೂ ಸುಮ್ಮನಿರದೆ ಅಲ್ಲಿಯ ನೆಲವನ್ನು ಅಗೆದು ಹಳೆಯ ಶವಕುಂಭಗಳನ್ನು ನೋಡುತ್ತಿದ್ದರು. ಇಜ್ವಾರಾದ ಹುಡುಗನು ಐವತ್ತಾರರಲ್ಲಿಯೂ ಹಾಗೆಯೇ ಇದ್ದನು.

ಶಿಷ್ಯ: ಶಾಂತಿಧ್ವಜದ ಒಪ್ಪಂದವೂ ಅವರದೇ ಅಲ್ಲವೆ?

ಮೇಷ್ಟ್ರು: ಅವರದೇ. ಯುದ್ಧಕಾಲದಲ್ಲಿಯೂ ಕಲಾಶಾಲೆ, ವಿದ್ಯಾಮಂದಿರ, ಐತಿಹಾಸಿಕ ಸ್ಮಾರಕಗಳನ್ನು ಯಾರೂ ಮುಟ್ಟತಕ್ಕದ್ದಲ್ಲವೆಂಬ ಆ ಒಪ್ಪಂದಕ್ಕೆ 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕ ಖಂಡದ ರಾಷ್ಟ್ರಗಳು ಸಹಿಹಾಕಿದವು. ಬಿಳಿಯ ಬಟ್ಟೆಯ ಮೇಲೆ ಕೆಂಪು ವೃತ್ತ, ಅದರೊಳಗೆ ಮೂರು ಕೆಂಪು ಬಿಂದುಗಳು. ಆ ಧ್ವಜವನ್ನು ನೀನು ನೋಡಿರುತ್ತೀಯೆ. ಅದರ ವಿಚಾರ ಪ್ರತ್ಯೇಕವಾಗಿಯೇ ಮಾತನಾಡತಕ್ಕದ್ದು. ಈಗ ಮನೆಗೆ ಹೋಗೋಣ.

ಶಿಷ್ಯ: ಒಳಗೆ ಹೋದರೆ ಏನು ಕಾಣುತ್ತದೆ?

ಮೇಷ್ಟ್ರು: ಒಳಗೆ ಪೂರ್ತಿಯಾಗಿ ಬಿಡುವುದಿಲ್ಲ, ಅದೇ ಒಂದು ವಿಶೇಷ. ಕೆಳಗಿನ ಅಂತಸ್ತು ಚಿತ್ರಶಾಲೆ. ಮೇಲಿನ ಅಂತಸ್ತಿನಲ್ಲಿ ಅವರಿದ್ದ ಕೋಣೆಗಳನ್ನು ಇದ್ದಂತೆಯೇ ಇಟ್ಟಿದ್ದಾರೆ. ನಾವು ಹೊರಗಿನ ಮರದ ಮೊಗಸಾಲೆಯಲ್ಲಿ ನಡೆಯುತ್ತ ಕಿಟಕಿಯ ಗಾಜಿನ ಮೂಲಕ ನೋಡಬೇಕು. ಕಣ್ಣಿನ ಎರಡು ಬದಿಗೂ ಕೈ ಮರೆಮಾಡಿಕೊಂಡು, ಹಣೆಯನ್ನು ಗಾಜಿಗೆ ಒತ್ತಿದರೆ, ಮೊದಲು ಕಾಣುವುದು ನಮ್ಮ ಬೆನ್ನ ಹಿಂದಿನ ಬೆಟ್ಟ. ಗಾಜಿನಲ್ಲಿ ಬಿದ್ದ ಆ ಬೆಟ್ಟದ ಪ್ರತಿಬಿಂಬದೊಳಗಿಂದ ನಿಧಾನವಾಗಿ ಒಂದು ಮೇಜು, ಕುರ್ಚಿಗಳು, ಪುಸ್ತಕಗಳು ಮೂಡಿಬರುತ್ತವೆ. ನಾನು ಉಸಿರು ಬಿಟ್ಟಾಗ ಗಾಜು ಮಂಜಾಯಿತು, ಒರಸಿದೆ, ಮತ್ತೆ ಮೊದಲು ಬೆಟ್ಟ, ಆಮೇಲೆ ಕೋಣೆ. ನನ್ನ ಪಕ್ಕದಲ್ಲಿದ್ದ ಒಬ್ಬ ಹುಡುಗ ‘ಒಳಗೆ ಹಿಮ ಬಿದ್ದಿದೆ’ ಎಂದು ತಾಯಿಗೆ ಹೇಳಿದ. ನನಗೆ ಅವನ ಮಾತಿಗಿಂತ ಒಳ್ಳೆಯ ವಿಮರ್ಶೆ ಸಿಕ್ಕಿಲ್ಲ.

ಕೆಳಗಿನ ಚಿತ್ರಶಾಲೆಯಲ್ಲಿ ಚಿತ್ರಗಳನ್ನು ನೋಡುವಾಗ ಅವುಗಳ ಮೈಯನ್ನು ಗಮನಿಸು. ರೋರಿಕರು ಹಿಮಾಲಯದ ಚಿತ್ರಗಳಿಗೆ ಬಹುಮಟ್ಟಿಗೆ ಟೆಂಪೆರಾ ಬಳಸಿದರು. ಎಣ್ಣೆಬಣ್ಣ ಒಣಗಿದ ಮೇಲೂ ಮಿರುಗುತ್ತದೆ. ಎದುರಿನ ದೀಪವನ್ನೋ ಕಿಟಕಿಯನ್ನೋ ನಮ್ಮ ಕಣ್ಣಿಗೆ ಹಿಂದಿರುಗಿಸುತ್ತದೆ. ಟೆಂಪೆರಾ ಹಾಗಲ್ಲ, ಸುಣ್ಣ ಬಳಿದ ಗೋಡೆಯಂತೆ ಮಂದ. ಬಿದ್ದ ಬೆಳಕನ್ನು ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ. ಸೂರ್ಯನು ಹುಟ್ಟುವ ಮೊದಲಿನ ಹಿಮವೂ ಹಾಗೆಯೇ ಇರುತ್ತದೆ. ಹೊಳಪು ಇನ್ನೂ ಬಂದಿರುವುದಿಲ್ಲ, ಒಳಗಿನಿಂದಲೇ ತಿಳಿಯಾಗಿರುತ್ತದೆ. ಹೂಬಿಟ್ಟ ಮರದ ಕೆಳಗೆ ಕೊಳಲೂದುವ ಕೃಷ್ಣನನ್ನು, ಹಿಂದೆ ಹಿಮಶಿಖರಗಳನ್ನಿಟ್ಟು, ಅವರು ಚಿತ್ರಿಸಿದ್ದಾರೆ. ಯಮುನೆಯ ತೀರದ ಗೋಪಾಲನು ಕುಲ್ಲುವಿಗೆ ಹೇಗೆ ಬಂದನೆಂದು ನಾನು ಬೆರಗಾಗಿದ್ದೆ. ಏಪ್ರಿಲ್ಲಿನಲ್ಲಿ ಆ ಕಣಿವೆಯ ಹಣ್ಣುಮರಗಳು ಎಲೆಗಿಂತ ಮೊದಲೇ ಹೂಬಿಟ್ಟು ನಿಂತಿರುವಾಗ ನೋಡಿದವನಿಗೆ ಆ ಪ್ರಶ್ನೆ ಏಳುವುದಿಲ್ಲ.

ಶಿಷ್ಯ: ಮನೆಯ ಹೊರಗೆ ಯಾವುದೋ ಕುದುರೆಯ ವಿಗ್ರಹವಿದೆಯಂತೆ.

ಮೇಷ್ಟ್ರು: ಗುಗಾ ಚೌಹಾನ. ನಾನು ಆ ಮಾತಿಗೇ ಬರುತ್ತಿದ್ದೆ. ಮನೆಯ ಹತ್ತಿರ ಒಂದು ದೇವದಾರುವಿನ ಬುಡದಲ್ಲಿ ಹಳೆಯ ಕಲ್ಲುವಿಗ್ರಹಗಳ ಒಂದು ಸಮೂಹವಿದೆ. ನಡುವೆ ಕುದುರೆಯೇರಿದ ವೀರ. ಸುತ್ತ ಸಣ್ಣ ದೇವತೆಗಳು. ನಮ್ಮ ಹಳ್ಳಿಗಳ ಅರಳಿಕಟ್ಟೆಯ ಮೇಲೆ ನಾಗರಕಲ್ಲು, ವೀರಗಲ್ಲುಗಳು ಒರಗಿ ನಿಂತಿರುವುದಿಲ್ಲವೆ, ಅದೇ ದೃಶ್ಯ. ಮರ ಮಾತ್ರ ಬೇರೆ. ಬಂಗಲೆ ಏಳುವುದಕ್ಕೆ ಮೊದಲಿನ ಆ ನೆಲದ ನೆನಪು ಆ ಕಲ್ಲುಗಳಲ್ಲಿದೆ. ಕುಟುಂಬದವರು ಆ ವೀರನನ್ನು ಕಣಿವೆಯ ರಕ್ಷಕನೆಂದು ಗೌರವಿಸಿದರು; ತಂದೆ 1931ರಲ್ಲಿ ಅವನ ಚಿತ್ರವನ್ನೂ ಬರೆದರು. ಕಲ್ಲು ಸವೆದಿದೆ, ಸವಾರನ ಮುಖದಲ್ಲಿ ಮೂಗು ತುಟಿಗಳ ಗೆರೆ ಮೃದುವಾಗಿ ಕರಗಿದಂತಾಗಿದೆ, ಕುದುರೆ ಕುಳ್ಳು, ಕೊರಳು ದಪ್ಪ, ಬೆಟ್ಟದ ತಟ್ಟು. ನಾನು ಚಿತ್ರದ ಪುಸ್ತಕ ತೆಗೆದು ಕುಳಿತೆ. ಸವಾರನಾಯಿತು, ಕುದುರೆಯ ಕೊರಳಾಯಿತು, ಮುಂಗಾಲು ಎಳೆಯುತ್ತಿರುವಾಗ ದೇವದಾರುವಿನಿಂದ ದಪ್ಪ ಹನಿಗಳು ಕಾಗದದ ಮೇಲೆ ಬಿದ್ದವು, ಮಳೆ ಸುರಿಯತೊಡಗಿತು. ಮಾರನೆಯ ದಿನ ಹೊರಡಬೇಕಾಗಿತ್ತು.

ಶಿಷ್ಯ: ನೆಹರೂ ಅವರೂ ಅಲ್ಲಿಗೆ ಹೋಗಿದ್ದರೆಂದು ಓದಿದ್ದೇನೆ.

ಮೇಷ್ಟ್ರು: 1942ರ ಮೇ ತಿಂಗಳಲ್ಲಿ, ಮಗಳು ಇಂದಿರೆಯೊಡನೆ ಹೋಗಿ ಕೆಲವು ದಿನ ಆ ಮನೆಯ ಅತಿಥಿಯಾಗಿದ್ದರು. ಸ್ವೆತೊಸ್ಲಾವರು ಅಲ್ಲಿಯೇ ಅವರನ್ನು ಕೂರಿಸಿ ಭಾವಚಿತ್ರಕ್ಕೆ ತೊಡಗಿದರು. ಮುಂದೆ ದಿಲ್ಲಿಯ ಸಂಸತ್ತಿನ ಸೆಂಟ್ರಲ್ ಹಾಲಿಗೆ ನೆಹರೂ ಅವರ ಭಾವಚಿತ್ರವನ್ನು ಬರೆದುಕೊಟ್ಟವರೂ ಅವರೇ. ಆ ಹೊತ್ತಿಗೆ ಯುದ್ಧದಿಂದ ಉರುಸ್ವತಿಯ ಕೆಲಸ ನಿಂತುಹೋಗಿತ್ತು. ಅಮೆರಿಕದಿಂದ ಬರುತ್ತಿದ್ದ ಹಣ ಅದಕ್ಕೆ ಮೊದಲೇ ಬತ್ತಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ, 1947ರ ಡಿಸೆಂಬರ್ 13ರಂದು ನಿಕೊಲಸ್ ರೋರಿಕರು ತೀರಿಕೊಂಡರು. ಎರಡು ದಿನಗಳ ಮೇಲೆ ಮನೆಯ ಕೆಳಗಿನ ಇಳಿಜಾರಿನಲ್ಲಿ, ಹಿಮಶಿಖರಗಳಿಗೆ ಎದುರಾಗಿ, ನಮ್ಮವರಂತೆಯೇ ಅವರ ದಹನಸಂಸ್ಕಾರವಾಯಿತು. ಆ ಸ್ಥಳದಲ್ಲಿ ಒಂದು ಒರಟುಬಂಡೆಯನ್ನು ನಿಲ್ಲಿಸಿ, ಅದರ ಮೇಲೆ ಅವರನ್ನು ಮಹರ್ಷಿಯೆಂದೂ ಭಾರತದ ಮಹಾಮಿತ್ರನೆಂದೂ ಕರೆದು, ವಿಕ್ರಮಶಕದ ತಿಥಿಯನ್ನು ಕೆತ್ತಿದ್ದಾರೆ. ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದವನಿಗೆ ವಿಕ್ರಮಶಕ! ಆ ಅಕ್ಷರಗಳ ಮುಂದೆ ನಿಂತಾಗ ನನಗೆ ಕಣ್ಣು ತುಂಬಿಬಂದಿತೆಂದು ಹೇಳಲು ಸಂಕೋಚವಿಲ್ಲ.

ಮನೆ ಬರಿದಾಯಿತು. ಮರುವರ್ಷ ತಾಯಿಯೂ ಹಿರಿಯ ಮಗನೂ ಅಲ್ಲಿಂದ ಹೊರಟು, ಕೊನೆಗೆ ಕಾಲಿಂಪಾಂಗ್ ಸೇರಿದರು. ಹೆಲೆನಾ ಅಲ್ಲಿ 1955ರಲ್ಲಿ ತೀರಿದರು. ಜಾರ್ಜ್ 1957ರಲ್ಲಿ ರಷ್ಯಕ್ಕೆ ಮರಳಿ, ಮೂರೇ ವರ್ಷಗಳಲ್ಲಿ ಮಾಸ್ಕೋವಿನಲ್ಲಿ ಕಾಲವಾದರು. ಉಳಿದವರು ಸ್ವೆತೊಸ್ಲಾವ್ ಒಬ್ಬರೇ. ತಂದೆಯ ಮನೆಯನ್ನು ಮಾರದೆ, ಮುಚ್ಚಿ ಮರೆಯದೆ, 1962ರಲ್ಲಿ ಅವರು ಅದನ್ನು ಸಂಗ್ರಹಾಲಯವಾಗಿ ತೆರೆದರು. ತಾವು ಹೋಗುವ ಮುನ್ನ, 1992ರಲ್ಲಿ, ಅಂತರರಾಷ್ಟ್ರೀಯ ರೋರಿಕ್ ಸ್ಮಾರಕ ಟ್ರಸ್ಟನ್ನು ಸ್ಥಾಪಿಸಿ ಎಲ್ಲವನ್ನೂ ಅದರ ವಶಕ್ಕೆ ಕೊಟ್ಟರು. ಇದ್ದಾಗಲೇ ಕೊಟ್ಟದ್ದರಿಂದ ಅದು ಉಳಿಯಿತು. ಇದನ್ನು ನೀನು ನೆನಪಿಡಬೇಕು, ಏಕೆಂದರೆ ನಮ್ಮ ಊರಿನ ಕಥೆ ಇಲ್ಲಿಂದ ಮುಂದಕ್ಕಿದೆ.

ಶಿಷ್ಯ: ತಾತಗುಣಿ.

ಮೇಷ್ಟ್ರು: ತಾತಗುಣಿಯೇ. 1945ರಲ್ಲಿ ಸ್ವೆತೊಸ್ಲಾವರು ದೇವಿಕಾರಾಣಿಯವರನ್ನು ಮದುವೆಯಾದರು. ಬಾಂಬೆ ಟಾಕೀಸಿನ ಒಡತಿ, ಹಿಂದೀ ಚಲಚ್ಚಿತ್ರದ ಮಹಾನಟಿ, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಮೊಟ್ಟಮೊದಲು ಪಡೆದವರು. ಮುಂಬಯಿಯ ದೀಪಗಳನ್ನು ಬಿಟ್ಟು ನಗ್ಗರಿನ ದೇವದಾರುಗಳ ನಡುವೆ ಕೆಲಕಾಲ ಇದ್ದು, ಮಾವನವರು ಹೋದ ಮೇಲೆ ದಂಪತಿಗಳು ಬೆಂಗಳೂರಿಗೆ ಬಂದರು. ಕನಕಪುರ ರಸ್ತೆಯ ಪಕ್ಕದಲ್ಲಿ, ಬನ್ನೇರುಘಟ್ಟದ ಕಾಡಿಗೆ ತಗುಲಿದಂತೆ, 468 ಎಕರೆಯ ತಾತಗುಣಿ ಎಸ್ಟೇಟು ಅವರ ನೆಲೆಯಾಯಿತು. ಅಲ್ಲಿ ಮೆಕ್ಸಿಕೋ ಮೂಲದ ಲಿನಾಲೋ ಮರಗಳನ್ನು ಬೆಳೆಸಿ, ಅದರ ಕಾಯಿಯಿಂದ ಸುಗಂಧತೈಲ ತೆಗೆಯುತ್ತಿದ್ದರು. ಅದರ ಸಿಪ್ಪೆಯನ್ನು ಬೆರಳಿನಿಂದ ಹಿಸುಕಿದರೆ ಕಿತ್ತಳೆಯೂ ಅಲ್ಲ, ಮಲ್ಲಿಗೆಯೂ ಅಲ್ಲ, ಎರಡಕ್ಕೂ ನಡುವಿನ ಒಂದು ಪರಿಮಳ ಬಹಳ ಹೊತ್ತು ಕೈಬಿಡದು. ನಗ್ಗರಿನಲ್ಲಿ ಗಿಡಮೂಲಿಕೆಗಳನ್ನು ಒಣಗಿಸಿಟ್ಟ ಯುವಕನೇ ಈ ತೋಟಗಾರನೆಂದು ನೆನೆದರೆ, ಉರುಸ್ವತಿಯ ಒಂದು ಟೊಂಗೆಯನ್ನು ತಂದು ನಮ್ಮ ಕೆಂಪು ಮಣ್ಣಿನಲ್ಲಿ ನೆಟ್ಟಂತೆ ಅನ್ನಿಸುತ್ತದೆ. ಆ ಕೆಂಪು ಮಣ್ಣು, ಬಂಡೆಗಳು, ಹೊಲದಿಂದ ಮರಳುವ ಹೆಂಗಸರು ಅವರ ಚಿತ್ರಗಳೊಳಕ್ಕೂ ಬಂದರು. ತಂದೆಯ ನೀಲಿಗೆ ಮಗನ ಕೆಂಪು. ಈ ಪರಿಷತ್ತಿಗೆ ಹಿರಿಯರಾಗಿ ನಿಂತು, ತಮ್ಮ ಚಿತ್ರಗಳನ್ನೂ ತಂದೆಯವರ ಚಿತ್ರಗಳನ್ನೂ ಕೊಟ್ಟವರು ಅವರೇ. ನೀನು ಈಗತಾನೆ ನೋಡಿ ಬಂದೆಯಲ್ಲ, ಆ ಗೋಡೆಗಳು ಅವರ ಔದಾರ್ಯ.

ಶಿಷ್ಯ: ಆದರೆ ತಾತಗುಣಿ ನಗ್ಗರಿನಂತೆ ಆಗಲಿಲ್ಲವಲ್ಲ.

ಮೇಷ್ಟ್ರು: 1993ರ ಜನವರಿ 30ರಂದು ಸ್ವೆತೊಸ್ಲಾವರು ಹೋದರು, ಮರುವರ್ಷ ಮಾರ್ಚಿನಲ್ಲಿ ದೇವಿಕಾರಾಣಿಯವರು. ಮಕ್ಕಳಿರಲಿಲ್ಲ. ಸ್ವೆತೊಸ್ಲಾವರ ಸಮಾಧಿ ಆ ತೋಟದೊಳಗೇ ಇದೆ. ಆಸ್ತಿ ಯಾರದೆಂಬ ವಿವಾದ ಎದ್ದಿತು. ಕರ್ನಾಟಕ ಸರ್ಕಾರ 1996ರಲ್ಲಿ ಒಂದು ವಿಶೇಷ ಶಾಸನವನ್ನೇ ಮಾಡಿ, ಲಿನಾಲೋ ತೋಟವನ್ನೂ ಚಿತ್ರಗಳನ್ನೂ ಉಳಿಸಿ ಅಲ್ಲಿ ಚಿತ್ರಶಾಲೆಯನ್ನೂ ಸಂಗ್ರಹಾಲಯವನ್ನೂ ಮಾಡಬೇಕೆಂದು ಎಸ್ಟೇಟನ್ನು ವಶಪಡಿಸಿಕೊಂಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನ ಸಂವಿಧಾನಪೀಠದವರೆಗೆ ಹೋಯಿತು. ಶಾಸನ ಸಿಂಧುವೆಂದು ತೀರ್ಪು ಬಂದುದು 2011ರ ಆಗಸ್ಟಿನಲ್ಲಿ. ಹದಿನೈದು ವರ್ಷ! ನಿನ್ನ ವಯಸ್ಸಿನವರಿಗೆ ಅದೊಂದು ಅಂಕಿ. ಚಿತ್ರದ ಬಟ್ಟೆಗೆ, ಹಳೆಯ ಮಾಡಿನ ಹೆಂಚಿಗೆ, ಮರದ ಕಿಟಕಿಗೆ ಹದಿನೈದು ಮಳೆಗಾಲವೆಂದರೆ ಏನೆಂಬುದನ್ನು ನೀನೇ ಊಹಿಸು. ಶಾಸನವು ನೆಲವನ್ನು ಉಳಿಸಿಕೊಟ್ಟಿತು. ಅದಕ್ಕೆ ನಾನು ಕೃತಜ್ಞ. ಇಲ್ಲದಿದ್ದರೆ ಈ ನಗರ ಆ ನಾನೂರು ಎಕರೆಯನ್ನು ಎಂದೋ ನಿವೇಶನಗಳಾಗಿ ಹಂಚಿಕೊಳ್ಳುತ್ತಿತ್ತು. ಆದರೆ ನಗ್ಗರಿಗೆ ಒಬ್ಬ ಮಗನಿದ್ದ. ಬೀಗ ತೆಗೆದು, ಕಿಟಕಿಯ ಗಾಜು ಒರಸಿ, ಜನರನ್ನು ಕರೆದ. ತಾತಗುಣಿಗೆ ಆ ಮಗನ ಸ್ಥಾನದಲ್ಲಿ ನಿಲ್ಲಬೇಕಾದವರು ನಾವು.

ಶಿಷ್ಯ: ನಾವೆಂದರೆ ಬೆಂಗಳೂರಿನವರೆ?

ಮೇಷ್ಟ್ರು: ಅವರು ತಮ್ಮ ಚಿತ್ರಗಳನ್ನು ಯಾರ ಕೈಗೆ ಕೊಟ್ಟರೋ ಅವರು. ಅಲ್ಲಿಯ ಬಂಡೆಗಳ ಮೇಲೆ ಸಂಜೆಯ ಬೆಳಕು ಬೀಳುವುದನ್ನು ನೋಡಿದವನಿಗೆ, ಇಲ್ಲಿಯ ಗೋಡೆಯ ಮೇಲಿನ ಆ ಕೆಂಪು ಬೇರೆಯೇ ರೀತಿಯಲ್ಲಿ ಅರ್ಥವಾಗುತ್ತದೆ. ನೀನು ಮೊದಲು ಕೇಳಿದ ಪ್ರಶ್ನೆಗೆ ನನ್ನಲ್ಲಿ ಬೇರೆ ಉತ್ತರವಿಲ್ಲ.

ಶಿಷ್ಯ: ನಗ್ಗರಿಗೆ ಹೋಗುತ್ತೇನೆ ಮೇಷ್ಟ್ರೇ. ದಾರಿ ಹೇಗೆ?

ಮೇಷ್ಟ್ರು: ಕುಲ್ಲುವಿನಿಂದ ಮನಾಲಿಯ ಕಡೆಗೆ ಹೋಗುವ ದಾರಿಯಲ್ಲಿ ಪತ್ಲಿಕುಹಲ್ ಎಂಬಲ್ಲಿ ಇಳಿ; ಸೇತುವೆ ದಾಟಿದರೆ ಎಡದಂಡೆ; ಅಲ್ಲಿಂದ ಏರು. ಕೋಟೆಮನೆಯವರೆಗೆ ಬಸ್ಸು ಹೋಗುತ್ತದೆ, ಆಮೇಲೆ ನಡೆದುಕೊಂಡೇ ಹೋಗು. ತ್ರಿಪುರಸುಂದರಿಯ ಗುಡಿಯ ಅಂತಸ್ತಿನ ಮಾಡು ದಾರಿಯಲ್ಲಿಯೇ ಸಿಗುತ್ತದೆ. ಬೆಳಿಗ್ಗೆ ಬೇಗ ಹೊರಡು, ಹಿಮ ಹೊಳೆಯುವ ಮುನ್ನ ಮೊಗಸಾಲೆಯ ಎದುರು ಇರಬೇಕು. ಇಗೋ, ಈ ಪುಸ್ತಕವನ್ನು ಇಟ್ಟುಕೋ. ನಿನಗೆ ತೋರಿಸೋಣವೆಂದೇ ಚೀಲದಲ್ಲಿ ತಂದಿದ್ದೆ.

ಶಿಷ್ಯ: ಇದು ತಮ್ಮ ಆ ದಿನದ ಪುಸ್ತಕ. ಹಾಳೆಯ ಮೇಲೆ ಮಳೆಹನಿಯ ಕಲೆ ಇನ್ನೂ ಇದೆ.

ಮೇಷ್ಟ್ರು: ಸವಾರನನ್ನು ಮುಟ್ಟಬೇಡ, ಅವನು ಮುಗಿದಿದ್ದಾನೆ. ಕುದುರೆಯ ಎಡಮುಂಗಾಲು ಮೊಣಕಾಲಿನವರೆಗೆ ಇದೆ. ಅದರ ಕೆಳಗೆ ಗೊರಸು ಕಲ್ಲಿನಲ್ಲಿ ಎಷ್ಟು ಹುದುಗಿದೆಯೆಂಬುದು ನನಗೆ ನೆನಪಿಲ್ಲ. ಪಕ್ಕಕ್ಕೆ ಬಗ್ಗಿ ಕುಳಿತು, ಬೇರಿನ ಕಡೆಯಿಂದ ನೋಡು. ಎಚ್‌ಬಿ ಪೆನ್ಸಿಲು ಸಾಕು.